ಎರಡನೇ ಸಲ ಬಂದು ನೋಡಿದವರು

ಈ ಸಲದ ಬರಹ ಸ್ವಲ್ಪ ಉದ್ದ ಐತೆ. ಸಂಜೆ ಡೇರಿಗೆ ಹಾಲು ಹಾಕಿ ಬಂದಮೇಲೆ ಕೂತು ಓದಿ.

ಹೋದ ಮುಂಗಾರಲ್ಲಿ ನಾಲೆ ಕೊನೆಯ 30 ಗುಂಟೆ ಗದ್ದೆಯಲ್ಲಿ ನನ್ನ ಭತ್ತ ಕೆಟ್ಟಿದ್ದು ನಿಮ್ಮಲ್ಲಿ ಸುಮಾರು ಜನಕ್ಕೆ ಗೊತ್ತು. ಹೇಗೆ ಕೆಟ್ಟಿತು ಅನ್ನೋದನ್ನ ಮಾತ್ರ ಯಾರಿಗೂ ಸರಿಯಾಗಿ ಹೇಳಿರಲಿಲ್ಲ. ನಾಚಿಕೆ. ನಾಟಿ ಮಾಡಿ ಎರಡು ತಿಂಗಳು ದಾಟಿತ್ತು, ಹೊಡೆ ಬರೋ ಹೊತ್ತು. ಮಡಿ ಮಧ್ಯ ತಟ್ಟೆಯಗಲ ಒಂದು ಜಾಗ ಹಳದಿ ತಿರುಗಿತು. ಮೂರು ದಿನಕ್ಕೆ ಅದು ಮೊರದಗಲ ಆಯ್ತು. ಫೋನಲ್ಲಿ ಫೋಟೋ ತೆಗೆದು ಔಷಧಿ ಅಂಗಡಿಗೆ ಹೋದೆ. ಅಂಗಡಿಯವರು ಫೋಟೋ ನೋಡಿ, "ಅಣ್ಣ, ಇದು ಬೆಂಕಿ ರೋಗ. ಜೊತೆಗೆ ಹುಳಾನೂ ಇರಬಹುದು, ಎರಡೂ ಮಿಕ್ಸ್ ಮಾಡಿ ಹೊಡೀರಿ" ಅಂದು ಎರಡು ಬಾಟ್ಲಿ ಕೊಟ್ಟರು. ಹೊಡೆದೆ. ಹತ್ತು ದಿನಕ್ಕೆ ಮೊರದಗಲ ಇದ್ದದ್ದು ಕಣದಗಲ ಆಯ್ತು. ಮತ್ತೆ ಹೋದೆ. ಇನ್ನೂ ಸ್ಟ್ರಾಂಗ್ ಇರೋದು ಕೊಟ್ಟರು. ಅದನ್ನೂ ಹೊಡೆದೆ. ಔಷಧಿ, ಕೂಲಿ ಸೇರಿ ನಾಲ್ಕು ಸಾವಿರದ ಮೇಲೆ ಹೋಯ್ತು. 18 ಕ್ವಿಂಟಲ್ ಆಗೋ ಕಡೆ 10 ಕ್ವಿಂಟಲ್ ಕಣಕ್ಕೆ ಬಂತು.

ಎರಡನೇ ಸಲ ಹೊಡೆದ ಮಾರನೇ ದಿನ ಪಕ್ಕದ ಗದ್ದೆಯ ದೊಡ್ಡಪ್ಪ ಬದದ ಮೇಲೆ ಹೋಗ್ತಾ ನಿಂತರು. ಎಂಬತ್ತರ ಹತ್ತಿರದ ಜೀವ. "ಬುಡ ನೋಡಿದ್ಯಾ?" ಅಂತ ಕೇಳಿದರು. ಇಲ್ಲ ಅಂದೆ. ಪಂಚೆ ಎತ್ತಿ ಕಟ್ಟಿ ಗದ್ದೆಗೆ ಇಳಿದು, ಇನ್ನೂ ಹಸಿರಾಗಿದ್ದ ಒಂದು ಬುಡವನ್ನು ಎರಡೂ ಕೈಯಲ್ಲಿ ಬಿಡಿಸಿ ತೋರಿಸಿದರು. ನೀರಿನ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ ತೆಂಡೆಗಳ ಸಂದಿ ತುಂಬ ಕಂದು ಜಿಗಿ ಹುಳು. ಎಳ್ಳು ಚೆಲ್ಲಿದ ಹಾಗೆ. "ಫೋಟೋದಲ್ಲಿ ಎಲೆ ಕಾಣ್ತದೆ ಕಣಪ್ಪ, ಬುಡ ಕಾಣಕಿಲ್ಲ. ನೀನು ಎಲೆಗೆ ಹೊಡ್ದೆ. ಹುಳ ಕೂತಿರೋದು ಇಲ್ಲಿ. ನೀರು ಬಸಿ ಮೊದ್ಲು" ಅಂದರು.

ಆಮೇಲೆ ತಿಳಿದ ವಿಷಯ ಇನ್ನೂ ಹೊಟ್ಟೆ ಉರಿಸೋದು. ನಾನು ಹೊಡೆದ ಹುಳದ ಔಷಧಿ ಪೈರೆಥ್ರಾಯ್ಡ್ ಜಾತಿಯದು. ಜಿಗಿ ಹುಳು ತಿಂದು ಬದುಕೋ ಜೇಡ, ಮಿರಿಡ್ ತಿಗಣೆ ಇವನ್ನೆಲ್ಲ ಅದು ಮೊದಲು ಸಾಯಿಸುತ್ತೆ. ಬುಡದಲ್ಲಿ ಅವಿತಿರೋ ಜಿಗಿ ಹುಳು ಉಳಿದುಕೊಂಡು, ಕೇಳೋರಿಲ್ಲದೆ ದುಪ್ಪಟ್ಟು ಆಗುತ್ತೆ. ಅಂದರೆ ನಾನು ದುಡ್ಡು ಕೊಟ್ಟು ಹುಳ ಸಾಕಿದೆ.

ದೊಡ್ಡಪ್ಪನಿಗೆ ಇದು ಎಲ್ಲಿಂದ ಗೊತ್ತು ಅಂತ ಕೇಳಿದ್ದಕ್ಕೆ ಅವರು ಹೇಳಿದ ಮಾತೇ ಈ ಬರಹಕ್ಕೆ ಕಾರಣ. "ಆಗ ಅಗ್ರಿಕಲ್ಚರ್‌ನೋರು ಹದಿನೈದು ದಿನಕ್ಕೊಂದ್ ಸಲ ಮಂಗಳವಾರ ಬರೋರು. ನನ್ನ ಗದ್ದೇಲೇ ಜನ ಸೇರೋರು. ಬಂದೋರು ಮೊದ್ಲು, ಹೋದ ಸಲ ಹೇಳಿದ್ದು ಏನಾಯ್ತು ಅಂತ ಕೇಳೋರು."

ಹೋದ ಸಲ ಹೇಳಿದ್ದು ಏನಾಯ್ತು? ನನ್ನನ್ನ ಈ ಪ್ರಶ್ನೆ ಇವತ್ತಿನವರೆಗೆ ಯಾವ ಇಲಾಖೆಯವರೂ ಕೇಳಿಲ್ಲ, ಅಂಗಡಿಯವರೂ ಕೇಳಿಲ್ಲ, ಯಾವ ಆಪ್ ಕೂಡ ಕೇಳಿಲ್ಲ. ಹಾಗಾದ್ರೆ ಹಿಂದೆ ಕೇಳ್ತಿದ್ದವರು ಯಾರು, ಅವರು ಬರೋದು ಯಾಕೆ ನಿಂತಿತು ಅಂತ ನೋಡೋಣ ಅನ್ನಿಸಿತು.

ಅಡಿಕೆ ಗೊನೆಯ ಕೊಟ್ಟೆ

ಕಥೆ ನಮ್ಮ ಮಂಡ್ಯದ ಕಡೆ ಶುರುವಾಗಲ್ಲ, ಮಲೆನಾಡಲ್ಲಿ ಶುರುವಾಗುತ್ತೆ. ನೂರ ಹತ್ತು ವರ್ಷದ ಮೇಲಾಯ್ತು. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗ ಬಂದು ಎಳೆ ಕಾಯಿ ಉದುರಿ ತೋಟದ ನೆಲ ತುಂಬ್ತಿತ್ತು. ರೈತರು ಕೈಕಟ್ಟಿ ಕೂತಿರಲಿಲ್ಲ. ಕರಡ ಹುಲ್ಲಲ್ಲೋ ಅಡಿಕೆ ಹಾಳೆಯಲ್ಲೋ ಟೋಪಿ ಥರ ಕೊಟ್ಟೆ ಮಾಡಿ, ಕೊನೆಗಾರರನ್ನು ಮರ ಹತ್ತಿಸಿ ಒಂದೊಂದು ಗೊನೆಗೂ ಕಟ್ಟಿಸ್ತಿದ್ರು. ಮಳೆ ನೀರು ಗೊನೆಗೆ ತಾಗಬಾರದು ಅಂತ. ಉಪಾಯ ಒಳ್ಳೇದೇ, ಖರ್ಚು ಜಾಸ್ತಿ.

ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಕೆನಡಾದಿಂದ ಲೆಸ್ಲಿ ಕೋಲ್ಮನ್ ಅನ್ನೋ ವಿಜ್ಞಾನಿ ಬಂದರು. ಬೆಳೆ ರೋಗ, ಕೀಟ ಎರಡೂ ಅವರ ವಿಷಯ. ಈ ಕೊಳೆಗೆ ಕಾರಣ ಒಂದು ಶಿಲೀಂಧ್ರ ಅಂತ ಗುರುತಿಸಿ 1910ರಲ್ಲಿ ಬರೆದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ ಬೋರ್ಡೋ ದ್ರಾವಣವನ್ನು ಅಡಿಕೆ ಗೊನೆಗೆ ತಂದರು. ಮೈಲುತುತ್ತ ಮತ್ತು ಸುಣ್ಣ, ಅಷ್ಟೇ. ಇವತ್ತಿಗೂ ಶೃಂಗೇರಿಯಿಂದ ಶಿರಸಿವರೆಗೆ ಮಳೆ ಹಿಡಿಯೋ ಮುಂಚೆ ಹೊಡೆಯೋದು ಅದನ್ನೇ.

ಇಲ್ಲಿ ನಾವು ನೋಡಬೇಕಾದ್ದು ಔಷಧಿಯ ಹೆಸರನ್ನಲ್ಲ. ಬೋರ್ಡೋ ದ್ರಾವಣವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು ಕಳಿಸೋಕೆ ಆಗಲ್ಲ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಅಂತ ಬರೆಯಬಹುದು. ಆದರೆ ಸುಣ್ಣ ಹಳೇದಾಗಿದ್ದರೆ ಲೆಕ್ಕ ತಪ್ಪುತ್ತೆ. ಹೊಳೆಯೋ ಚಾಕು ಅದ್ದಿ ನೋಡಬೇಕು, ಚಾಕುವಿಗೆ ತಾಮ್ರದ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಬೇಕು. ಗೊನೆಯ ಸುತ್ತ ಎಲ್ಲ ಕಡೆಗೂ ಬಿದ್ದಿದೆಯಾ ನೋಡಬೇಕು. ಮಳೆ ನಡುವೆ 40-45 ದಿನಕ್ಕೆ ಮತ್ತೊಂದು ಸಲ ಹೊಡೀಬೇಕು. ಇದನ್ನೆಲ್ಲ ಕಣ್ಣೆದುರು ಮಾಡಿ ತೋರಿಸಬೇಕು, ಆಮೇಲೆ ಮಳೆಯಲ್ಲಿ ಬಂದು ನೋಡಬೇಕು. ಹೊಡೆದ ಗೊನೆಯೂ ಹೊಡೆಯದ ಗೊನೆಯೂ ಒಂದೇ ಮಳೆಯಲ್ಲಿ ಅಕ್ಕಪಕ್ಕ ನಿಂತಾಗ ಯಾರೂ ಭಾಷಣ ಮಾಡಬೇಕಾಗಿಲ್ಲ.

ಕೋಲ್ಮನ್ ಆಮೇಲೆ ಸಂಸ್ಥಾನದ ಕೃಷಿ ನಿರ್ದೇಶಕರಾಗಿ 1934ರವರೆಗೆ ಇದ್ದರು. ಕನ್ನಂಬಾಡಿ ಕಟ್ಟೆಯ ನೀರು ನಮ್ಮ ಕಡೆ ಹರಿದಾಗ ವಿ.ಸಿ. ಫಾರಂ ಆಗಿದ್ದು, 1933ರಲ್ಲಿ ಮಂಡ್ಯ ಸಕ್ಕರೆ ಕಂಪನಿ ಶುರುವಾಗಿದ್ದು ಅವರ ಕಾಲದಲ್ಲೇ.

ಹತ್ತು ಊರಿಗೊಬ್ಬ ಗ್ರಾಮಸೇವಕ

ಸ್ವಾತಂತ್ರ್ಯ ಬಂದಮೇಲೆ 1952ರ ಗಾಂಧಿ ಜಯಂತಿ ದಿನ ದೇಶದ 55 ಕಡೆ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯ್ತು. ಮರುವರ್ಷ ಅದೇ ದಿನ ರಾಷ್ಟ್ರೀಯ ವಿಸ್ತರಣಾ ಸೇವೆ ಬಂತು. ಸುಮಾರು ನೂರು ಹಳ್ಳಿಗೆ ಒಂದು ಬ್ಲಾಕು, ಬ್ಲಾಕಿಗೆ ಹತ್ತು ಜನ ಗ್ರಾಮಸೇವಕರು. ಅಂದರೆ ಹತ್ತು ಊರಿಗೆ ಒಬ್ಬ. ಲೆಕ್ಕ ನೋಡಿದರೆ ಚೆನ್ನಾಗೇ ಇತ್ತು.

ತೊಂದರೆ ಏನಂದ್ರೆ ಆ ಒಬ್ಬನ ತಲೆ ಮೇಲೆ ಎಲ್ಲ ಇಲಾಖೆಯೂ ಹತ್ತಿ ಕೂತವು. ರಸ್ತೆ, ಬಾವಿ, ಪಾಯಿಖಾನೆ, ಶಾಲೆ ಕಟ್ಟಡ, ಸಹಕಾರ ಸಂಘ, ಆಮೇಲೆ ಕುಟುಂಬ ಯೋಜನೆ. ಎಲ್ಲದಕ್ಕೂ ಗುರಿ, ಎಲ್ಲದಕ್ಕೂ ವರದಿ. ನಮ್ಮ ತಾತ ಹೇಳ್ತಿದ್ರು, ಗ್ರಾಮಸೇವಕರು ಬಂದ್ರೆ "ಇವತ್ತು ಯಾವ ಕಾಗದಕ್ಕೆ ಹೆಬ್ಬೆಟ್ಟು ಸ್ವಾಮಿ?" ಅಂತ ಕೇಳ್ತಿದ್ವಿ ಅಂತ. ಮನುಷ್ಯ ಒಳ್ಳೆಯವನೇ, ಸೈಕಲ್ ತುಳಿದು ಬರ್ತಿದ್ದ. ಬೇಸಾಯದ ಮಾತಿಗೆ ಅವನ ಹತ್ತಿರ ಹೊತ್ತು ಉಳೀತಿರಲಿಲ್ಲ.

ಆಹಾರದ ಕೊರತೆ ಹೆಚ್ಚಿದಾಗ ಫೋರ್ಡ್ ಪ್ರತಿಷ್ಠಾನದ ತಜ್ಞರ ತಂಡ 1959ರಲ್ಲಿ ಒಂದು ವರದಿ ಕೊಟ್ಟಿತು. ನೀರು ಇರೋ, ಬೇಗ ಫಲ ಕೊಡೋ ಜಿಲ್ಲೆಗಳನ್ನು ಆರಿಸಿ ಅಲ್ಲೇ ಶಕ್ತಿ ಹಾಕಿ ಅಂತ. ಅದರಿಂದ 1960ರ ನಂತರ ಬಂದದ್ದೇ ಹಿರಿಯರು ಈಗಲೂ 'ಪ್ಯಾಕೇಜ್ ಪ್ರೋಗ್ರಾಂ' ಅನ್ನೋ ಸಾಂದ್ರ ಕೃಷಿ ಜಿಲ್ಲಾ ಯೋಜನೆ. ಮೊದಲ ಕಂತಿನಲ್ಲಿ ತಂಜಾವೂರು, ಪಶ್ಚಿಮ ಗೋದಾವರಿ, ಲೂಧಿಯಾನ ಥರದ ಏಳು ಜಿಲ್ಲೆ. ಎರಡನೇ ಕಂತಿನಲ್ಲಿ ನಮ್ಮ ಮಂಡ್ಯ. ಹಳ್ಳಿ ಮಟ್ಟದಲ್ಲಿ ಸಿಬ್ಬಂದಿ ಹೆಚ್ಚಿಸಿದರು. ಒಂದೊಂದು ಮನೆಗೂ ಇಷ್ಟು ಬಿತ್ತನೆ, ಇಷ್ಟು ಗೊಬ್ಬರ, ಇಷ್ಟು ಸೊಸೈಟಿ ಸಾಲ ಅಂತ ಫಾರಂ ಪ್ಲಾನ್ ಬರೆದರು. ಮಣ್ಣು ಪರೀಕ್ಷೆ ಬಂತು. 1966ರಿಂದ ಗಿಡ್ಡ ಭತ್ತದ ತಳಿಗಳು ಬಂದವು, ಐ.ಆರ್. 8, ಆಮೇಲೆ ಜಯ. ಅದೇ ಸುಮಾರಿಗೆ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು.

ಇಲ್ಲಿ ಒಂದು ಮಾತು ಗಮನಿಸಿ. ಇಂಡಾಫ್ ರಾಗಿ ಊರಿಂದ ಊರಿಗೆ ಹೋಗೋಕೆ ಯಾವ ಆಫೀಸರೂ ಬೇಕಾಗಲಿಲ್ಲ. ಒಬ್ಬರ ಹೊಲದಲ್ಲಿ ತೆನೆ ನೋಡಿದವರು ಎರಡು ಸೇರು ಬಿತ್ತನೆ ಇಸ್ಕೊಂಡು ಹೋದರು. ಹೆಣ್ಣುಮಕ್ಕಳು ತವರಿಂದ ಮಡಿಲಲ್ಲಿ ಕಟ್ಟಿಕೊಂಡು ಬಂದರು. ಬಿತ್ತನೆಗೆ ಕಾಲು ಇರ್ತವೆ, ತಾನೇ ನಡೆಯುತ್ತೆ. ಯೂರಿಯಾನೂ ಹಾಗೇ, ಪಕ್ಕದವನ ಪೈರು ಕಪ್ಪಗೆ ಕಂಡರೆ ಸಾಕು. ಆದರೆ ಬುಡ ಬಿಡಿಸಿ ನೋಡೋದು, ಹುಳ ಎಷ್ಟು ಜೇಡ ಎಷ್ಟು ಅಂತ ಎಣಿಸೋದು, ಇವತ್ತು ಹೊಡೀಬೇಕಾ ಇನ್ನೆರಡು ದಿನ ಕಾಯಬೇಕಾ ಅಂತ ತೀರ್ಮಾನ ಮಾಡೋದು, ಈ ತಿಳುವಳಿಕೆಗೆ ಕಾಲಿಲ್ಲ. ಬದದ ಮೇಲೆ ನಿಂತು ನೋಡಿದವನಿಗೆ ಅದು ಕಾಣೋದೇ ಇಲ್ಲ. ಬಿತ್ತನೆ ಗೊಬ್ಬರದ ಕಾಲದಲ್ಲಿ ಇದು ಯಾರಿಗೂ ದೊಡ್ಡ ವಿಷಯ ಆಗಲಿಲ್ಲ, ಯಾಕಂದ್ರೆ ಇಳುವರಿ ಏರ್ತಾ ಇತ್ತು. ಗಿಡ್ಡ ತಳಿ, ಒತ್ತು ನಾಟಿ, ಜಾಸ್ತಿ ಯೂರಿಯಾ, ನಿಂತ ನೀರು, ಇವೆಲ್ಲ ಸೇರಿ ಜಿಗಿ ಹುಳುವಿಗೂ ಮನೆ ಕಟ್ಟಿಕೊಟ್ಟವು. 1973-74ರಲ್ಲಿ ಕೇರಳದ ಕುಟ್ಟನಾಡಿನಲ್ಲಿ ಭತ್ತ ಸುಟ್ಟ ಹಾಗೆ ಒಣಗಿ ಹೋಗಿದ್ದು ಇದೇ ಹುಳುವಿನಿಂದ.

ದೊಡ್ಡಪ್ಪನ ಮಂಗಳವಾರ

ಈಗ ದೊಡ್ಡಪ್ಪನ ಮಂಗಳವಾರಕ್ಕೆ ಬರ್ತೀನಿ. ಅದಕ್ಕೆ 'ತರಬೇತಿ ಮತ್ತು ಭೇಟಿ ಪದ್ಧತಿ' ಅಂತ ಹೆಸರು, ಇಲಾಖೆಯವರ ಬಾಯಲ್ಲಿ 'ಟಿ ಅಂಡ್ ವಿ'. ರೂಪ ಕೊಟ್ಟವರು ಡೇನಿಯಲ್ ಬೆನೋರ್ ಅನ್ನೋ ಇಸ್ರೇಲಿನ ತಜ್ಞರು. ಮೊದಲು ಟರ್ಕಿ ದೇಶದ ಒಂದು ನೀರಾವರಿ ಪ್ರದೇಶದಲ್ಲಿ ನಡೆಸಿ ನೋಡಿದರು. ನಮ್ಮ ದೇಶಕ್ಕೆ 1970ರ ದಶಕದ ಮಧ್ಯದಲ್ಲಿ ವಿಶ್ವಬ್ಯಾಂಕ್ ಸಾಲದ ಜೊತೆ ಬಂತು, ರಾಜಸ್ಥಾನ ಮತ್ತು ಮಧ್ಯಪ್ರದೇಶದ ಚಂಬಲ್ ಅಚ್ಚುಕಟ್ಟಿನಲ್ಲಿ ಮೊದಲು. ಆ ದಶಕ ಮುಗಿಯೋ ಹೊತ್ತಿಗೆ ಕರ್ನಾಟಕಕ್ಕೂ ಬಂತು.

ಅದರ ನಿಯಮ ಸರಳ. ಹಳ್ಳಿ ಮಟ್ಟದ ಕೃಷಿ ಸಹಾಯಕನ ವ್ಯಾಪ್ತಿಯ ರೈತರನ್ನು ಎಂಟು ಗುಂಪು ಮಾಡೋದು. ಒಂದೊಂದು ಗುಂಪಿಗೂ ಹದಿನೈದು ದಿನಕ್ಕೆ ಒಂದು ಸಲ, ಗೊತ್ತಾದ ವಾರ, ಗೊತ್ತಾದ ಊರಲ್ಲಿ ಭೇಟಿ. ನಡುವೆ ಅವನಿಗೇ ತರಬೇತಿ, ಮುಂದಿನ ಹದಿನೈದು ದಿನದಲ್ಲಿ ಬೆಳೆಗೆ ಏನು ಬೇಕೋ ಅಷ್ಟೇ. ಗುಂಪಿನಲ್ಲಿ ಹತ್ತಕ್ಕೊಬ್ಬರಂತೆ ಸಂಪರ್ಕ ರೈತರು, ಅವರ ಗದ್ದೆಯಲ್ಲೇ ಪಾಠ. ಎಲ್ಲಕ್ಕಿಂತ ಮುಖ್ಯವಾದ ನಿಯಮ ಇನ್ನೊಂದು: ಆ ಸಹಾಯಕ ಬೇರೆ ಯಾವ ಕೆಲಸವನ್ನೂ ಮಾಡಬಾರದು. ಗೊಬ್ಬರ ಮಾರಬಾರದು, ಸಾಲ ವಸೂಲಿಗೆ ಹೋಗಬಾರದು, ಬೇರೆ ಇಲಾಖೆಯ ಲೆಕ್ಕ ಬರೀಬಾರದು. ಗ್ರಾಮಸೇವಕನ ಕಾಲದ ತಪ್ಪಿಗೆ ನೇರ ಔಷಧಿ ಅದು.

ನಮ್ಮ ದೊಡ್ಡಪ್ಪ ಸಂಪರ್ಕ ರೈತ ಆಗಿದ್ದು ಹೀಗೆ. ಅವರ ಪಡಸಾಲೆ ಗೋಡೆಯಲ್ಲಿ ಭೇಟಿ ದಿನ ಇದ್ದಿಲಲ್ಲಿ ಬರೆದಿತ್ತಂತೆ. ಬಾರದಿದ್ದರೆ ಮೇಲಿನವರಿಗೆ ಹೇಳೋಕೆ ಅದೇ ಸಾಕ್ಷಿ. ಬುಡ ಬಿಡಿಸಿ ನೋಡೋದನ್ನ ಅವರಿಗೆ ಕಲಿಸಿದ ಕೃಷಿ ಸಹಾಯಕರು ಗದ್ದೆಗೆ ಇಳಿಯೋಕೆ ಪ್ಯಾಂಟು ಮಡಚಿಕೊಂಡೇ ಬರ್ತಿದ್ರಂತೆ.

ಹಾಗಾದ್ರೆ ಅದು ಸ್ವರ್ಗವಾ? ಅಲ್ಲ. ದೊಡ್ಡಪ್ಪನೇ ನಗ್ತಾ ಹೇಳಿದ್ದು: "ಸಂಪರ್ಕ ರೈತ ಅಂದ್ರೆ ಯಾರು? ರಸ್ತೆ ಪಕ್ಕ ಗದ್ದೆ ಇರೋನು, ಬಂದೋರಿಗೆ ಕಾಫಿ ಕೊಡೋ ಯೋಗ್ತೆ ಇರೋನು." ಒಳಗಡೆ ಕೇರಿಯವರ ಒಂದೆಕರೆ ಗದ್ದೆಗೆ ಆ ಮಂಗಳವಾರ ಇಳಿಯಲೇ ಇಲ್ಲ. ಕಳೆ ಕೀಳೋರು, ನಾಟಿ ಹಾಕೋರು ಹೆಂಗಸರು. ದಿನಾ ಬುಡದ ಹತ್ತಿರ ಬಗ್ಗೋರು ಅವರೇ. ನಮ್ಮೂರ ಪಟ್ಟಿಯಲ್ಲಿ ಅವರ ಒಂದು ಹೆಸರೂ ಇರಲಿಲ್ಲ. ಮೇಲಿಂದ ಬರೋ ಪಾಠ ಎಲ್ಲರಿಗೂ ಒಂದೇ. ನಾಲೆ ನೀರಿನ ಭತ್ತಕ್ಕೆ ಹೊಂದ್ತಿತ್ತು, ನಾಗಮಂಗಲದ ಕಡೆಯ ಮಳೆ ನಂಬಿದ ರಾಗಿ, ಹುರುಳಿ ಹೊಲಕ್ಕೆ ಹೊಂದ್ತಿರಲಿಲ್ಲ. ಹತ್ತು ವರ್ಷ ಆದಮೇಲೆ ಹೇಳೋಕೆ ಹೊಸದು ಕಮ್ಮಿಯಾಗಿ ಅದೇ ಪಾಠ ತಿರುಗಿ ತಿರುಗಿ ಬಂತು.

ಕೊನೆಗೆ ಅದು ಬಿದ್ದದ್ದು ದುಡ್ಡಿನಿಂದ. ಸಾಲದ ಯೋಜನೆ ಮುಗೀತು, ಸಿಬ್ಬಂದಿ ಸಂಬಳ ಉಳೀತು. ಸಂಬಳ ಕೊಟ್ಟಮೇಲೆ ಓಡಾಡೋ ಖರ್ಚಿಗೆ, ತರಬೇತಿಗೆ ಏನೂ ಉಳೀಲಿಲ್ಲ. ಬರೋದು ಹದಿನೈದು ದಿನ ಇದ್ದದ್ದು ತಿಂಗಳಾಯ್ತು, ಹಂಗಾಮಿಗೆ ಒಂದು ಸಲ ಆಯ್ತು. ಆಮೇಲೆ ಗೋಡೆಗೆ ಸುಣ್ಣ ಬಳಿದಾಗ ದೊಡ್ಡಪ್ಪ ಆ ದಿನಗಳನ್ನ ತಿರುಗಿ ಬರೀಲಿಲ್ಲ.

ಅದೇ ಹುಳು, ಇಂಡೋನೇಷ್ಯಾದ ಪಾಠ

ನನ್ನ ಗದ್ದೆ ಹಾಳು ಮಾಡಿದ ಇದೇ ಜಿಗಿ ಹುಳು ಒಂದು ಇಡೀ ದೇಶದ ಸಲಹಾ ಪದ್ಧತಿಯನ್ನೇ ಬದಲಾಯಿಸಿದೆ. ಅದು ಇಂಡೋನೇಷ್ಯಾ. ನಮ್ಮ ಹಾಗೇ ಅನ್ನ ತಿನ್ನೋ ಜನ, ಚಿಕ್ಕ ಚಿಕ್ಕ ಗದ್ದೆ. ಅಲ್ಲೂ ಗಿಡ್ಡ ತಳಿ, ಯೂರಿಯಾ, ಮೇಲಿಂದ ಪಾಠ. ಕೀಟನಾಶಕದ ಬೆಲೆಯಲ್ಲಿ ಬಹುಪಾಲು ಸರ್ಕಾರವೇ ಕೊಡ್ತಿತ್ತು. 1984ರಲ್ಲಿ ಅಕ್ಕಿಯಲ್ಲಿ ಸ್ವಾವಲಂಬಿ ಆದ್ವಿ ಅಂತ ಹೇಳಿಕೊಂಡರು. ಅದರ ಬೆನ್ನಿಗೇ ಜಾವಾ ದ್ವೀಪದಲ್ಲಿ ಜಿಗಿ ಹುಳು ಎದ್ದಿತು. ಹೊಡೆದಷ್ಟೂ ಹೆಚ್ಚಾಯ್ತು, ನನ್ನ 30 ಗುಂಟೆಯ ಹಾಗೆ.

ಪೀಟರ್ ಕೆನ್ಮೋರ್ ಮೊದಲಾದ ವಿಜ್ಞಾನಿಗಳು ಕಾರಣ ಬಿಡಿಸಿ ತೋರಿಸಿದರು: ಹುಳ ತಿನ್ನೋ ಜೀವಗಳನ್ನು ಔಷಧಿ ಕೊಲ್ತಿದೆ ಅಂತ. 1986ರ ನವೆಂಬರ್‌ನಲ್ಲಿ ಅಲ್ಲಿನ ಅಧ್ಯಕ್ಷರ ಆದೇಶ ಬಂತು. ಭತ್ತಕ್ಕೆ 57 ಕೀಟನಾಶಕ ಹೊಡೆಯೋದು ಬಂದ್. ಮೂರು ವರ್ಷದೊಳಗೆ ಕೀಟನಾಶಕದ ಸಬ್ಸಿಡಿಯೂ ನಿಂತಿತು. ಭತ್ತದ ಉತ್ಪಾದನೆ ಬಿದ್ದುಹೋಗಲಿಲ್ಲ.

ಆದರೆ ಬಂದ್ ಮಾಡಿದ ಮಾತ್ರಕ್ಕೆ ರೈತನ ಭಯ ಹೋಗಲ್ಲ. ಹಾಗಾಗಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಜೊತೆ ಸೇರಿ ಹೊಲದ ಶಾಲೆಗಳನ್ನು ಶುರು ಮಾಡಿದರು. ಸುಮಾರು 25 ಜನ ರೈತರು, ವಾರಕ್ಕೆ ಒಂದು ಬೆಳಿಗ್ಗೆ, ನಾಟಿಯಿಂದ ಕೊಯ್ಲಿನವರೆಗೆ ಒಂದೇ ಗದ್ದೆ. ಗದ್ದೆಗೆ ಇಳಿದು ಬುಡ ಬಿಡಿಸಿ ಎಣಿಸೋದು, ದಡಕ್ಕೆ ಬಂದು ದೊಡ್ಡ ಹಾಳೆಯಲ್ಲಿ ಪೈರಿನ ಚಿತ್ರ ಬರೆದು ಒಂದು ಕಡೆ ಹುಳ, ಇನ್ನೊಂದು ಕಡೆ ಜೇಡ ಬರೆಯೋದು, ಹೊಡೀಬೇಕಾ ಬೇಡ್ವಾ ಅಂತ ತಾವೇ ವಾದ ಮಾಡಿ ತೀರ್ಮಾನಿಸೋದು. ಮುಂದಿನ ವಾರ ಬಂದು ಆ ತೀರ್ಮಾನ ಸರಿಯಾಯ್ತಾ ಅಂತ ನೋಡೋದು. ಹೋದ ಸಲ ಹೇಳಿದ್ದು ಏನಾಯ್ತು ಅನ್ನೋ ದೊಡ್ಡಪ್ಪನ ಮಾತೇ ಅಲ್ಲಿ ಪಾಠ. ಹತ್ತು ವರ್ಷದಲ್ಲಿ ಹತ್ತು ಲಕ್ಷದಷ್ಟು ರೈತರು ಈ ಶಾಲೆಗಳಲ್ಲಿ ಕೂತರು.

ಇದಕ್ಕೂ ಒಂದು ಮಿತಿ ಕಂಡಿತು, ಮುಚ್ಚಿಡಬಾರದು. ಆಮೇಲೆ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ನೋಡಿದಾಗ, ಶಾಲೆಯಲ್ಲಿ ಕೂತವನ ತಿಳುವಳಿಕೆ ಪಕ್ಕದ ಗದ್ದೆಯವನಿಗೆ ಹಬ್ಬಿದ್ದು ಕಾಣಲಿಲ್ಲ ಅಂದರು. ಖರ್ಚಿನ ಬಗ್ಗೆಯೂ ತಕರಾರು ಬಂತು. ನನಗೆ ಇದು ಆಶ್ಚರ್ಯ ಅನ್ನಿಸಲಿಲ್ಲ. ಮೇಲೆ ಹೇಳಿದೆನಲ್ಲ, ಈ ತಿಳುವಳಿಕೆಗೆ ಕಾಲಿಲ್ಲ. ಇಂಡಾಫ್ ಥರ ತಾನೇ ನಡೆಯುತ್ತೆ ಅಂತ ಕಾದರೆ ಆಗಲ್ಲ. ಅಷ್ಟೂ ಜನ ಗದ್ದೆಗೆ ಇಳೀಬೇಕು.

ಹೋಬಳಿಗೆ ಬಂದ ಕೇಂದ್ರ, ಊರಿಗೆ ಬಂದ ಅಂಗಡಿ

ನಮ್ಮ ಕಡೆ ಆಮೇಲೆ ಬಂದ ಬದಲಾವಣೆಗಳು ನಿಮಗೆಲ್ಲ ಗೊತ್ತಿರೋವು. 1998ರಿಂದ ಏಳು ರಾಜ್ಯಗಳ 28 ಜಿಲ್ಲೆಯಲ್ಲಿ 'ಆತ್ಮ' ಯೋಜನೆ ನಡೆಸಿ ನೋಡಿ, 2005ರಿಂದ ದೇಶಕ್ಕೆಲ್ಲ ತಂದರು. ರೈತರ ಸಮಿತಿಯೇ ಬೇಕು ಬೇಡ ಹೇಳಲಿ ಅನ್ನೋದು ಅದರ ಆಶಯ. ಆ ಸಮಿತಿ ಸಭೆಗೆ ನಮ್ಮೂರಿಂದ ಹೋದವರು ಯಾರು ಅಂತ ಕೇಳಿದರೆ ನನಗೆ ಒಬ್ಬರ ಹೆಸರೂ ಸಿಗಲಿಲ್ಲ. ನಮ್ಮ ರಾಜ್ಯದಲ್ಲಿ 2000ದ ಸುಮಾರಿಗೆ ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಬಂತು. 2004ರ ಜನವರಿಯಲ್ಲಿ ಕಿಸಾನ್ ಕಾಲ್ ಸೆಂಟರ್. 2009ರಲ್ಲಿ ಭೂಚೇತನ ಬಂದು, ಮಣ್ಣಿನಲ್ಲಿ ಸತು, ಬೋರಾನ್ ಕಮ್ಮಿ ಅಂತ ಮಳೆಯಾಶ್ರಿತ ಹೊಲಗಳಿಗೂ ಒಂದು ಲೆಕ್ಕ ಸಿಕ್ಕಿತು. ಊರಿನವರೇ ಆದ ರೈತ ಅನುವುಗಾರರು ಬಂದರು. ಇವುಗಳಲ್ಲಿ ಒಳ್ಳೇದು ಇಲ್ಲ ಅಂತ ಹೇಳಲ್ಲ. ಬಿತ್ತನೆ, ಟಾರ್ಪಾಲು, ಪೈಪು, ಸತುವಿನ ಪಾಕೀಟು ನಾನೂ ತಂದಿದ್ದೀನಿ.

ಆದರೆ ಒಂದು ತಿರುವು ನಡೆದುಹೋಯ್ತು. ಮೊದಲು ಅವರು ಬರ್ತಿದ್ರು, ಈಗ ನಾವು ಹೋಗ್ತೀವಿ. ಅದೂ ಎಫ್.ಐ.ಡಿ. ನಂಬರ್ ಹಿಡಿದು, ಕ್ಯೂ ನಿಂತು, ಸಾಮಾನು ತರೋಕೆ. ಅಲ್ಲಿರೋ ಅಧಿಕಾರಿಗಳ ಮೇಲೆ ಸಬ್ಸಿಡಿ ಅರ್ಜಿ, ವಿಮೆ, ಬೆಳೆ ಸಮೀಕ್ಷೆ ಎಲ್ಲ ಹತ್ತಿ ಕೂತಿವೆ. ಗ್ರಾಮಸೇವಕನ ಹಣೆಬರಹವೇ ಇವರಿಗೂ. ಅವರನ್ನ ಬೈದು ಪ್ರಯೋಜನ ಇಲ್ಲ.

ಆ ಖಾಲಿ ಜಾಗಕ್ಕೆ ಬಂದು ಕೂತದ್ದು ಅಂಗಡಿ. 2003ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆ ದೇಶದ ರೈತ ಕುಟುಂಬಗಳನ್ನು ಕೇಳಿತು: ಹೊಸ ಬೇಸಾಯದ ಮಾಹಿತಿ ನಿಮಗೆ ಯಾರಿಂದ ಸಿಗುತ್ತೆ ಅಂತ. ನೂರರಲ್ಲಿ 40 ಜನಕ್ಕೆ ಮಾತ್ರ ಯಾವುದಾದರೂ ಒಂದು ಕಡೆಯಿಂದ ಸಿಗ್ತಿತ್ತು. ಬೇರೆ ರೈತರಿಂದ ಅಂದವರು ಸುಮಾರು 17, ಅಂಗಡಿಯವರಿಂದ 13, ರೇಡಿಯೋದಿಂದ 13. ಸರ್ಕಾರದ ವಿಸ್ತರಣಾ ಕಾರ್ಯಕರ್ತರಿಂದ ಅಂದವರು 6 ಜನ ಕೂಡ ಪೂರ್ತಿ ಇಲ್ಲ. ಅದೇ ವರ್ಷ ಹೈದರಾಬಾದಿನ 'ಮ್ಯಾನೇಜ್' ಸಂಸ್ಥೆ ಅಂಗಡಿಯವರಿಗೇ ಒಂದು ವರ್ಷದ ಡಿಪ್ಲೊಮಾ ಶುರು ಮಾಡಿತು. ರೈತ ಹೋಗೋದು ಅಲ್ಲಿಗೇ, ಅವರಿಗಾದರೂ ಕಲಿಸೋಣ ಅಂತ.

ಅಂಗಡಿಯವರನ್ನು ಕಳ್ಳರು ಅಂತ ಬರೆಯೋದು ಸುಲಭ. ನಾನು ಬರೆಯಲ್ಲ. ರಾತ್ರಿ ಎಂಟಕ್ಕೂ ಬಾಗಿಲು ತೆಗೆದಿರ್ತಾರೆ, ಹೆಸರು ಹಿಡಿದು ಕರೀತಾರೆ, ಕೊಯ್ಲಿನವರೆಗೆ ಸಾಲ ಕೊಡ್ತಾರೆ. ಆದರೆ ಎರಡು ವಿಷಯ ಅವರ ಕೈಲಿ ಆಗಲ್ಲ. ಒಂದು, 'ಏನೂ ಹೊಡೀಬೇಡ, ನೀರು ಬಸಿ' ಅನ್ನೋ ಸಲಹೆಗೆ ಅಂಗಡಿಯಲ್ಲಿ ಬೆಲೆ ಇಲ್ಲ, ಅದನ್ನ ಬಾಟ್ಲಿಗೆ ತುಂಬಿ ಮಾರೋಕೆ ಬರಲ್ಲ. ಎರಡು, ಅವರು ಗದ್ದೆಗೆ ಬರಲ್ಲ. ನಾನು ತೋರಿಸಿದ್ದು ಎಲೆ, ಅವರು ಕೊಟ್ಟಿದ್ದು ಎಲೆಗೆ. ಅಂಗಡಿಯವರ ತಪ್ಪಿಗಿಂತ ಮೊದಲು ನನ್ನ ತಪ್ಪು ಇದೆ. ಅವತ್ತು ಬಗ್ಗಿ ಬುಡ ನೋಡೋಕೆ ನನಗೆ ಎರಡು ನಿಮಿಷ ಸಾಕಿತ್ತು.

ಫೋನಿಂದಲೂ ಅಷ್ಟೇ ನಿರೀಕ್ಷೆ ಇಡಬೇಕು. ಮಳೆ ಯಾವಾಗ, ರೇಟು ಎಷ್ಟು, ಬಿತ್ತನೆ ಎಲ್ಲಿದೆ, ಇವು ಕಾಲಿರೋ ಮಾಹಿತಿ, ಫೋನಲ್ಲಿ ಓಡ್ತವೆ. ಬುಡ ನೋಡೋದು ಫೋನಿಗೆ ಬರಲ್ಲ.

ಈಗ ನಾವು ಏನು ಮಾಡೋದು

ನೂರು ವರ್ಷದ ಈ ಕಥೆಯಲ್ಲಿ ಪ್ರತೀ ಸಲ ಬೋರ್ಡು ಬದಲಾಯ್ತು, ಕೇಂದ್ರದ ಜಾಗ ಬದಲಾಯ್ತು. ಕೆಲಸ ಆಗಿದ್ದು ಮಾತ್ರ ಒಬ್ಬ ಮನುಷ್ಯ ಹೇಳಿ ಹೋಗಿ, ತಿರುಗಿ ಅದೇ ಗದ್ದೆಗೆ ಬಂದು ನೋಡಿದಾಗ. ಮೊದಲ ಭೇಟಿ ಯಾರು ಬೇಕಾದರೂ ಮಾಡ್ತಾರೆ, ಫೋಟೋನೂ ತೆಗೀತಾರೆ. ಎರಡನೇ ಭೇಟಿಯಲ್ಲಿ ಹೇಳಿದವನ ಮಾತು ಪರೀಕ್ಷೆಗೆ ಬೀಳುತ್ತೆ.

ಇದಕ್ಕೆ ಎರಡು ಕೆಲಸ ಯೋಚಿಸಿದ್ದೀನಿ. ಒಂದು ಸರ್ಕಾರದಿಂದ ಆಗಬೇಕಾದ್ದು. ಮುಂದಿನ ಗ್ರಾಮಸಭೆಯಲ್ಲಿ ಹೊಸ ಯೋಜನೆ ಕೇಳೋದು ಬೇಡ. ಹಂಗಾಮಿನಲ್ಲಿ ಹದಿನೈದು ದಿನಕ್ಕೊಂದು ಗೊತ್ತಾದ ವಾರ ಕೇಳೋಣ. ಪಂಚಾಯ್ತಿ ಗೋಡೆ ಮೇಲೆ ದಿನ ಬರೆಯಲಿ, ಆ ದಿನ ಬೇರೆ ಡ್ಯೂಟಿ ಹಾಕದಿರಲಿ. ಕೃಷಿ ವಿಜ್ಞಾನ ಕೇಂದ್ರ ವಿ.ಸಿ. ಫಾರಂನಲ್ಲೇ ಇದೆ, ದೂರ ಏನಿಲ್ಲ. ಸಭೆಗೆ ನಾನು ಅರ್ಜಿ ಬರೆದುಕೊಂಡು ಬರ್ತೀನಿ, ಸಹಿ ಹಾಕೋರು ಬನ್ನಿ.

ಇನ್ನೊಂದಕ್ಕೆ ಯಾರನ್ನೂ ಕಾಯಬೇಕಾಗಿಲ್ಲ. ಬರೋ ಮುಂಗಾರಿಗೆ ಅದೇ ನಾಲೆ ಕೊನೆಯ 30 ಗುಂಟೆಯಲ್ಲಿ ಎರಡು ಮೀಟರಿಗೆ ಒಂದರಂತೆ ಗಾಳಿ ಆಡೋಕೆ ಒಂದಡಿ ಜಾಗ ಬಿಟ್ಟು ನಾಟಿ ಹಾಕಿಸ್ತೀನಿ. ಯೂರಿಯಾ ಮೂರು ಕಂತಲ್ಲಿ. ನಾಟಿ ಆದ ಮೂರನೇ ವಾರದಿಂದ ಪ್ರತೀ ಮಂಗಳವಾರ ಬೆಳಿಗ್ಗೆ ಏಳಕ್ಕೆ ಹಾಲು ಹಾಕಿ ಬಂದೋರು ಬದದ ಮೇಲೆ ಸೇರೋಣ. ಮೂಲೆಯಿಂದ ಮೂಲೆಗೆ ನಡೆದು ಇಪ್ಪತ್ತು ಬುಡ ಬಿಡಿಸಿ ಹುಳ ಎಷ್ಟು, ಜೇಡ ಎಷ್ಟು ಅಂತ ಒಂದು ನೋಟ್‌ಬುಕ್ಕಲ್ಲಿ ಬರೆಯೋದು. ಹೊಡೆಯೋದೋ ಬಿಡೋದೋ ಅಲ್ಲೇ ತೀರ್ಮಾನ. ಹೆಂಗಸರು ಖಂಡಿತ ಬರಬೇಕು, ನನ್ನ ಹೆಂಡತಿ ಈಗಾಗಲೇ "ಕಳೆ ಕೀಳುವಾಗ ಹುಳ ಹಾರ್ತಿದ್ದದ್ದು ನಾನು ನೋಡಿದ್ದೆ, ನೀವು ಕೇಳಲಿಲ್ಲ" ಅಂತ ದಿನಾ ಹಂಗಿಸ್ತಾಳೆ. ಕೆಟ್ಟರೆ ಕೆಡೋದು ನನ್ನ ಗದ್ದೆ, ಕಲಿತರೆ ಎಲ್ಲರೂ ಕಲಿತೀವಿ.

ದೊಡ್ಡಪ್ಪನಿಗೆ ಹೇಳಿದೆ. "ನನ್ ಕೈಲಿ ಈಗ ಇಳಿಯಕಾಗಲ್ಲ, ಬದದ ಮೇಲೆ ಕುರ್ಚಿ ಹಾಕು, ಬತ್ತೀನಿ" ಅಂದರು. ಮೊದಲ ಮಂಗಳವಾರ ಯಾರು ಯಾರು ಬಂದರು, ಏನು ಎಣಿಸಿದ್ವಿ ಅಂತ ಇಲ್ಲೇ ಬರೀತೀನಿ. ಎರಡನೇ ಮಂಗಳವಾರದ ಬರಹದ ಮೊದಲ ಸಾಲಿನಲ್ಲೇ, ಹೋದ ಸಲ ತೀರ್ಮಾನಿಸಿದ್ದು ಏನಾಯ್ತು ಅಂತ ಇರುತ್ತೆ.